ಹೊಸ ಮನೆಯ ವಾಸನೆ

ನಿವೃತ್ತನಾದ ಮೇಲೆ ನನಗೆ ಬರುವ ಕರೆಯೋಲೆಗಳಲ್ಲಿ ಮದುವೆಯವುಗಳಿಗಿಂತ ಗೃಹಪ್ರವೇಶದವೇ ಹೆಚ್ಚು. ನನ್ನ ಬಳಿ ಓದಿದವರೆಲ್ಲ ಬ್ಯಾಂಕಿನಲ್ಲಿ ಸಾಲ ಪಡೆದು ಮನೆ ಮಾಡಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆಂದು ಇದರ ಅರ್ಥ. ಸಂತೋಷದ ಸಂಗತಿಯೇ. ಹೋಗಿ, ಹರಸಿ, ಊಟ ಮಾಡಿ ಬರುತ್ತೇನೆ. ಊಟಕ್ಕೆ ಮುಂಚೆ ಮನೆಯೆಲ್ಲವನ್ನೂ ತೋರಿಸುವ ಒಂದು ಪದ್ಧತಿಯುಂಟು. ಮಾಡ್ಯುಲರ್ ಅಡುಗೆಮನೆ, ಟಿ.ವಿ. ಇಡುವ ಗೋಡೆ, ಕೊನೆಗೆ ಮಲಗುವ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಎದ್ದು ನಿಂತ ವಾರ್ಡ್‌ರೋಬ್. ಅದರ ಬಾಗಿಲು ತೆರೆದೊಡನೆ ಒಂದು ಘಾಟು ಮೂಗಿಗೆ ಬಡಿಯುತ್ತದೆ, ಕಣ್ಣಂಚು ಚುರುಗುಟ್ಟುತ್ತದೆ. ಆ ದಿನವಾದರೆ ಹೋಮದ ಹೊಗೆಯೆನ್ನುತ್ತಾರೆ. ವಾರದ ನಂತರವೂ ಉರಿದರೆ ಬಣ್ಣದ ವಾಸನೆಯೆನ್ನುತ್ತಾರೆ. "ಹೊಸ ಮನೆಯಲ್ಲವೇ ಸಾರ್, ಹೀಗೇ ಇರುತ್ತದೆ" ಎಂಬ ಮಾತಿನೊಂದಿಗೆ ವಿಷಯ ಮುಗಿಯುತ್ತದೆ.

ವಿಷಯ ಅಷ್ಟಕ್ಕೇ ಮುಗಿಯಬಾರದೆಂಬುದು ನನ್ನ ಅಭಿಪ್ರಾಯ. ವಿಜ್ಞಾನ ಪಾಠ ಮಾಡಿದವನಾದ್ದರಿಂದ ಸ್ವಲ್ಪ ಪಾಠದ ಧಾಟಿ ಬಂದರೆ ಸಹಿಸಿಕೊಳ್ಳಿ, ಪರೀಕ್ಷೆಯೇನೂ ಇಲ್ಲ.

ನಮ್ಮ ಪ್ರಯೋಗಾಲಯದ ಮೂಲೆಯ ಕಪಾಟಿನಲ್ಲಿ, ಗಾಜಿನ ಭರಣಿಯೊಳಗೆ ಸುರುಳಿ ಸುತ್ತಿ ಮಲಗಿದ್ದ ಹಾವು ನಿಮಗೆಲ್ಲ ನೆನಪಿರಬೇಕು. ಭರಣಿಯ ಮುಚ್ಚಳ ಸಡಿಲವಾದ ದಿನ ಹಿಂದಿನ ಬೆಂಚಿನವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಹಾವು ಕೊಳೆಯದಂತೆ ಕಾಪಾಡುತ್ತಿದ್ದುದು ಫಾರ್ಮಲಿನ್, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಎಂಬ ಅನಿಲ. ಹೊಸ ವಾರ್ಡ್‌ರೋಬಿನ ಬಾಗಿಲು ತೆರೆದಾಗ ಕಣ್ಣು ಉರಿಸುವುದರಲ್ಲಿ ಬಹಳ ಸಲ ಮುಖ್ಯ ಪಾಲು ಅದೇ ಅನಿಲದ್ದು. ಪ್ರಮಾಣ ಬಹಳ ಕಡಿಮೆ, ನಿಜ. ಆದರೆ ಭರಣಿಯ ಪಕ್ಕದಲ್ಲಿ ನಾವು ವಾರಕ್ಕೆ ಒಂದು ಪೀರಿಯಡ್ ಇರುತ್ತಿದ್ದೆವು; ವಾರ್ಡ್‌ರೋಬಿನ ಪಕ್ಕದಲ್ಲಿ ಮಕ್ಕಳು ರಾತ್ರಿಯಿಡೀ ಮಲಗುತ್ತಾರೆ.

ಅದು ಅಲ್ಲಿಗೆ ಹೇಗೆ ಬಂತು? ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎಂಬ ಮೂರು ಹೆಸರುಗಳನ್ನು ಮನೆ ಕಟ್ಟಿಸಿದವರೆಲ್ಲ ಕೇಳಿರುತ್ತೀರಿ. ದಿಮ್ಮಿಯನ್ನು ಪೆನ್ಸಿಲ್ ಹೆರೆದಂತೆ ಹಾಳೆಹಾಳೆಯಾಗಿ ಸುಲಿದು, ಎಳೆಗಳು ಅಡ್ಡ ಉದ್ದ ಬರುವಂತೆ ಒಂದರ ಮೇಲೊಂದು ಅಂಟಿಸಿ ಒತ್ತಿದರೆ ಪ್ಲೈವುಡ್. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದರೆ ಪಾರ್ಟಿಕಲ್ ಬೋರ್ಡ್. ಮರವನ್ನು ನಾರುನಾರಾಗಿ ಬಿಡಿಸಿ ಅಂಟು ಸೇರಿಸಿ ಒತ್ತಿದರೆ ಎಂಡಿಎಫ್. ಮೂರರಲ್ಲಿಯೂ ಮರದಷ್ಟೇ ಮುಖ್ಯವಾದದ್ದು ಅಂಟು. ಅಗ್ಗದ ಹಲಗೆಗಳಲ್ಲಿ ಈ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ರಾಳ. ಹೌದು, ನಮ್ಮ ರೈತರು ಹೊಲಕ್ಕೆ ಎರಚುವ ಅದೇ ಯೂರಿಯಾ. ರಿಯಾಯಿತಿ ದರದ ಗೊಬ್ಬರ ಹೊಲ ಬಿಟ್ಟು ಅಂಟಿನ ಕಾರ್ಖಾನೆಗಳ ದಾರಿ ಹಿಡಿಯುತ್ತಿತ್ತೆಂಬುದೂ 2015ರಲ್ಲಿ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಗಲು ಒಂದು ಕಾರಣ. ಇದು ಬರಿಯ ಪ್ರಸಂಗವಶಾತ್ ಹೇಳಿದ ಮಾತು.

ಈ ರಾಳದ ಗುಣವೇನೆಂದರೆ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ. ದೋಷವೇನೆಂದರೆ ಅದರ ಬಂಧ ಪೂರ್ತಿ ಭದ್ರವಲ್ಲ. ಒತ್ತುವಾಗ ಬಂಧವಾಗದೆ ಉಳಿದ ಫಾರ್ಮಾಲ್ಡಿಹೈಡ್ ಮೊದಲ ತಿಂಗಳುಗಳಲ್ಲಿ ಹೊರಬರುತ್ತದೆ. ಅನಂತರವೂ ಗಾಳಿಯ ತೇವ ಹಲಗೆಯೊಳಕ್ಕೆ ಇಳಿದಂತೆ ಆ ಬಂಧ ಅಷ್ಟಷ್ಟೇ ಬಿಚ್ಚಿಕೊಂಡು ಮತ್ತಷ್ಟು ಅನಿಲವನ್ನು ಬಿಡುತ್ತದೆ. ಸೆಕೆ ಹೆಚ್ಚಿದರೆ ಹೆಚ್ಚು, ತೇವ ಹೆಚ್ಚಿದರೆ ಹೆಚ್ಚು. ಮಂಗಳೂರು ಉಡುಪಿಯ ಕಡೆಯ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಸೆಕೆ ಮತ್ತು ತೇವ ಎರಡೂ ಜೊತೆಯಾಗಿಯೇ ಇರುತ್ತವೆ. ಫೀನಾಲ್ ಫಾರ್ಮಾಲ್ಡಿಹೈಡ್ ಎಂಬ ಇನ್ನೊಂದು ರಾಳವಿದೆ. ಹೆಸರಿನಲ್ಲಿ ಅದೇ ಪದವಿದ್ದರೂ ಬಂಧ ಬಹಳ ಭದ್ರ, ನೀರಿಗೂ ಸುಲಭವಾಗಿ ಬಿಚ್ಚುವುದಿಲ್ಲ, ಹೊರಬರುವ ಅನಿಲ ತೀರ ಕಡಿಮೆ. ಹಲಗೆಯ ಅಂಚನ್ನು ನೋಡಿದಾಗ ಅಂಟಿನ ಗೆರೆ ಗಾಢ ಕಂದು ಬಣ್ಣದ್ದಾಗಿದ್ದರೆ ಸಾಮಾನ್ಯವಾಗಿ ಅದು ಈ ಜಾತಿ. ಐಎಸ್ 710 ಎಂಬ ಮಾನಕದ ಮೆರೈನ್ ಪ್ಲೈವುಡ್ ಇದಕ್ಕೆ ಉದಾಹರಣೆ.

ಎಲ್ಲರೂ ಮರೆಯುವ ಒಂದು ಲೆಕ್ಕವಿದೆ. ಹತ್ತಡಿಗೆ ಹತ್ತಡಿಯ ಕೋಣೆ, ಅಂದರೆ ನೆಲ 100 ಚದರ ಅಡಿ. ಅದರಲ್ಲಿ 8 ಅಡಿ ಅಗಲ, 8 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬ್ ಎನ್ನಿ. ಬಾಗಿಲುಗಳು 64 ಚದರ ಅಡಿ, ಹಿಂಬದಿ 64. ಎರಡು ಪಕ್ಕಗಳು ಮತ್ತು ನಡುವಿನ ಎರಡು ಅಡ್ಡಗೋಡೆಗಳು ಸೇರಿ 64. ಮೇಲೆ ಕೆಳಗೆ ತಲಾ 16ರಂತೆ 32. ಒಳಗೆ ಆರು ತಟ್ಟುಗಳೆಂದರೆ ಇನ್ನೊಂದು 32. ಕೂಡಿಸಿದರೆ 256 ಚದರ ಅಡಿ; ಎಂಟಡಿ ನಾಲ್ಕಡಿಯ ಸರಿಯಾಗಿ ಎಂಟು ಹಲಗೆಗಳು. ಹಲಗೆಗೆ ಎರಡು ಮುಖ, ಆದ್ದರಿಂದ ಗಾಳಿಗೆ ತೆರೆದುಕೊಳ್ಳಬಲ್ಲ ಮೈ 512 ಚದರ ಅಡಿ. ನೆಲದ ಐದು ಪಟ್ಟಿಗೂ ಮಿಗಿಲು! ಮಂಚ, ಅಟ್ಟದ ಬಾಗಿಲು, ಓದುವ ಮೇಜು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಂಜೆ ಐದೂವರೆಗೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುತ್ತೇವೆ, ರಾತ್ರಿ ಏಸಿ ಹಾಕುತ್ತೇವೆ. ಮನೆಗಳಲ್ಲಿರುವ ಸಾಮಾನ್ಯ ಏಸಿ ಕೋಣೆಯ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ನಮ್ಮ ತಂದೆಯವರ ಕಾಲದ ಮನೆಯಲ್ಲಿ ಒಂದು ಮರದ ಪೆಟ್ಟಿಗೆ, ಗೋಡೆಯಲ್ಲೊಂದು ಗೂಡು, ಬಟ್ಟೆ ಹಾಕಲು ಒಂದು ಗಳ ಇದ್ದವು. ಹಂಚಿನ ಸಂದಿನಲ್ಲಿ ಗಾಳಿ ಬೇಡವೆಂದರೂ ಓಡಾಡುತ್ತಿತ್ತು.

ಇದೆಲ್ಲ ಅತಿಶಯೋಕ್ತಿಯೆಂದು ತಿಳಿಯುವವರಿಗೆ ಅಮೆರಿಕದಲ್ಲಿ ನಡೆದುದನ್ನು ಹೇಳಬೇಕು. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಲೂಸಿಯಾನ ಮತ್ತು ಮಿಸಿಸಿಪ್ಪಿಯ ಕರಾವಳಿಯನ್ನು ಹಾಳುಗೆಡವಿತು. ಮನೆ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರ ಟ್ರೇಲರ್ ಮನೆಗಳನ್ನು, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆಗಳನ್ನು, ಒಂದು ಲಕ್ಷಕ್ಕೂ ಮಿಕ್ಕಿ ಕೊಟ್ಟಿತು. ಇಕ್ಕಟ್ಟಾದ ಜಾಗ, ಒಳಗೆಲ್ಲ ಒತ್ತಿದ ಹಲಗೆಯ ಕಪಾಟುಗಳು, ದಕ್ಷಿಣದ ಸೆಕೆ. ಜನ ತಲೆನೋವು, ಮೂಗಿನಲ್ಲಿ ರಕ್ತ, ಮಕ್ಕಳಿಗೆ ಉಬ್ಬಸ ಎಂದು ದೂರತೊಡಗಿದರು. ಆರಂಭದಲ್ಲಿ ಕಿಟಕಿ ತೆರೆಯಿರೆಂಬ ಉಪದೇಶ ದೊರಕಿತು. ಕೊನೆಗೆ 2007ರ ಡಿಸೆಂಬರ್‌ನಿಂದ 2008ರ ಜನವರಿಯವರೆಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ 519 ಮನೆಗಳ ಗಾಳಿಯನ್ನು ಅಳೆಯಿತು. ನೂರು ಕೋಟಿ ಭಾಗ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಸರಾಸರಿ 77 ಭಾಗ. ಅತಿ ಹೆಚ್ಚೆಂದರೆ 590. ವಿಶ್ವ ಆರೋಗ್ಯ ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ ಹೇಳಿರುವ ಮಿತಿ ಸುಮಾರು 80 ಭಾಗ. ಸರಾಸರಿ ಮಿತಿಯೊಳಗೇ ಇದೆಯಲ್ಲ ಎನ್ನಬಹುದು. ಅಳೆದದ್ದು ಚಳಿಗಾಲದಲ್ಲಿ, ಆ ಹೊತ್ತಿಗೆ ಅನೇಕ ಮನೆಗಳು ಎರಡು ವರ್ಷ ಹಳೆಯವಾಗಿದ್ದವು ಎಂಬುದನ್ನು ಮರೆಯಬಾರದು. ಬೇಸಿಗೆಯ ಸೆಕೆ ಬರುವುದರೊಳಗೆ ಜನರನ್ನು ಅಲ್ಲಿಂದ ಬೇರೆಡೆಗೆ ಸಾಗಿಸಬೇಕೆಂದು ಆ ಕೇಂದ್ರವೇ ಹೇಳಿತು.

ಅದಕ್ಕೂ ಮೊದಲೇ, 2004ರಲ್ಲಿ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ನಿರ್ಣಯಿಸಿತ್ತು. ಕಾರ್ಖಾನೆಗಳಲ್ಲಿ ವರ್ಷಾನುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಉಸಿರಾಡಿದವರನ್ನು ನೋಡಿ ಬಂದ ನಿರ್ಣಯವದು. ವಾರ್ಡ್‌ರೋಬ್ ಮಾಡಿಸಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣುರಿ, ಗಂಟಲ ಕೆರೆತ, ಉಬ್ಬಸವಿರುವ ಮಗುವಿನ ಕಷ್ಟ ಹೆಚ್ಚಾಗುವುದು, ಇವು ಹತ್ತಿರದ ತೊಂದರೆಗಳು. ದೂರದ ಅಪಾಯ ಚಿಕ್ಕದು, ಆದರೆ ಸುಮ್ಮನೆ ಏಕೆ ಹೊರಬೇಕು?

ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ ಮನೆ ಕೊಂಡಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಯ ಗೋಡೆ ಮಾಡುಗಳಲ್ಲಿರುವ ಓಎಸ್‌ಬಿ ಹಲಗೆಗಳ ಬಗ್ಗೆ ಊರಿನಿಂದ ಅಮ್ಮ ಗಾಬರಿಪಟ್ಟರೆ ಸಮಾಧಾನ ಹೇಳಿ. ಅವುಗಳ ಅಂಟು ಬೇರೆ, ಬಿಡುವ ಅನಿಲ ಕಡಿಮೆ. ಗಮನಿಸಬೇಕಾದದ್ದು ಕಪಾಟು ಮತ್ತು ನೆಲಹಾಸು. 2015ರಲ್ಲಿ ಅಲ್ಲಿನ ದೊಡ್ಡ ನೆಲಹಾಸು ಮಾರಾಟಗಾರ ಸಂಸ್ಥೆಯೊಂದರ, ಚೀನಾದಲ್ಲಿ ತಯಾರಾದ ಲ್ಯಾಮಿನೇಟ್ ಹಲಗೆಗಳ ಬಗ್ಗೆ ದೂರದರ್ಶನದಲ್ಲಿ ವರದಿ ಬಂದು ಕೋಲಾಹಲವಾಯಿತು. 2016ರಲ್ಲಿ ಸರ್ಕಾರಿ ಸಂಸ್ಥೆ ಅಪಾಯದ ಲೆಕ್ಕ ಹಾಕಿ ಲಕ್ಷಕ್ಕೆ 2ರಿಂದ 9 ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದೆಂದಿತು. ಸ್ವಲ್ಪ ದಿನದಲ್ಲಿ ಅದನ್ನು 6ರಿಂದ 30 ಎಂದು ತಿದ್ದಬೇಕಾಯಿತು. ಕಾರಣ ಕೇಳಿದರೆ ನಗುತ್ತೀರಿ: ಸೂರಿನ ಎತ್ತರವನ್ನು ಅಡಿಯಿಂದ ಮೀಟರಿಗೆ ಪರಿವರ್ತಿಸದೆ ಲೆಕ್ಕದೊಳಗೆ ಹಾಕಿದ್ದರು! ಏಕಮಾನ ಬರೆಯದ ಉತ್ತರಕ್ಕೆ ನಾನು ಅರ್ಧ ಅಂಕ ಕಳೆಯುತ್ತಿದ್ದಾಗ ಮುಖ ಊದಿಸಿಕೊಳ್ಳುತ್ತಿದ್ದವರು ಇದನ್ನು ದಯವಿಟ್ಟು ಎರಡು ಸಲ ಓದಬೇಕು.

ಆದರೆ ಆ ದೇಶದಲ್ಲಿ ಒಂದು ಒಳ್ಳೆಯ ಕೆಲಸವಾಯಿತು. 2010ರಲ್ಲಿ ಕಾನೂನು ಬಂತು. ಹತ್ತು ಲಕ್ಷ ಭಾಗದಲ್ಲಿ ಪ್ಲೈವುಡ್ಡಿಗೆ 0.05, ಪಾರ್ಟಿಕಲ್ ಬೋರ್ಡಿಗೆ 0.09, ಎಂಡಿಎಫ್‌ಗೆ 0.11 ಎಂದು ಮಿತಿ ಹಾಕಿ, ಹೊರಗಿನ ಪರೀಕ್ಷಕರಿಂದ ಪರೀಕ್ಷೆಯಾಗಿ ಚೀಟಿ ಅಂಟಿಸಿಯೇ ಮಾರಬೇಕೆಂದರು. 2018ರಿಂದ ಅದು ಜಾರಿಯಲ್ಲಿದೆ. ಜಪಾನಿನವರು 2003ರಲ್ಲಿಯೇ ಇನ್ನೂ ಜಾಣತನ ತೋರಿದರು. ಹಲಗೆಗಳಿಗೆ ನಕ್ಷತ್ರದ ಗುರುತು ಕೊಟ್ಟರು. ನಾಲ್ಕು ನಕ್ಷತ್ರದ್ದನ್ನು ಎಷ್ಟು ಬೇಕಾದರೂ ಬಳಸಬಹುದು. ಅದಕ್ಕಿಂತ ಕಡಿಮೆಯದಾದರೆ ಕೋಣೆಯ ನೆಲದ ಅಳತೆಗೆ ತಕ್ಕಂತೆ ಇಷ್ಟೇ ಎಂಬ ಮಿತಿ. ಜೊತೆಗೆ ಮನೆಗೆ ದಿನವಿಡೀ ಗಾಳಿ ಬದಲಿಸುವ ವ್ಯವಸ್ಥೆ ಕಡ್ಡಾಯ. ಮೇಲೆ ನಾನು ಹಾಕಿದ ವಾರ್ಡ್‌ರೋಬಿನ ಲೆಕ್ಕವನ್ನು ಅವರು ಕಾನೂನಿನಲ್ಲಿಯೇ ಬರೆದರೆಂದು ಹೇಳಬೇಕು.

ನಮ್ಮಲ್ಲಿ? ಇತ್ತೀಚಿನ ವರ್ಷಗಳಲ್ಲಿ ಕೇಂದ್ರ ಸರ್ಕಾರ ಪ್ಲೈವುಡ್ ಮತ್ತು ಒತ್ತಿದ ಹಲಗೆಗಳಿಗೆ ಗುಣಮಟ್ಟ ನಿಯಂತ್ರಣ ಆದೇಶಗಳನ್ನು ಹೊರಡಿಸಿ ಐಎಸ್‌ಐ ಗುರುತಿನ ಕಡೆಗೆ ತಯಾರಕರನ್ನು ತಳ್ಳಿದೆ. ಸ್ವಾಗತಾರ್ಹ. ಹಲಗೆಯಲ್ಲಿ ಎಷ್ಟು ಫಾರ್ಮಾಲ್ಡಿಹೈಡ್ ಇದೆಯೆಂದು ಪರೀಕ್ಷಿಸುವ ವಿಧಾನಕ್ಕೂ 1993ರಷ್ಟು ಹಿಂದೆಯೇ ಭಾರತೀಯ ಮಾನಕವುಂಟು. ಪ್ಲೈವುಡ್ ಸಂಶೋಧನೆಗೆಂದೇ 1962ರಿಂದ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಸಂಸ್ಥೆಯೊಂದು ಬೆಳೆದು ಬಂದಿದೆ. ವಿದ್ಯೆಗೆ ಕೊರತೆಯಿಲ್ಲ. ಆದರೆ ಕೊಳ್ಳುವವನ ಕಣ್ಣಿಗೆ ಏನು ಕಾಣುತ್ತದೆ? ಸಂಬಂಧಿಕರ ಮನೆಗಳಿಗಾಗಿ ನಾನು ಹೊಕ್ಕು ಬಂದ ಅಂಗಡಿಗಳಲ್ಲಿ ಹಲಗೆಯ ಮೇಲೆ ಕಂಡದ್ದು ಕಂಪನಿಯ ಹೆಸರು, ದಪ್ಪ, ಎಂಆರ್ ಅಥವಾ ಬಿಡಬ್ಲ್ಯೂಪಿ ಎಂಬ ಅಕ್ಷರಗಳು. ಇವೆಲ್ಲ ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಗುರುತುಗಳು. ಗಾಳಿಗೆ ಏನನ್ನು ಬಿಡುತ್ತದೆಂದು ಹೇಳುವ ಇ1 ಎಂಬ ಗುರುತು ಕೆಲವು ದೊಡ್ಡ ಕಂಪನಿಗಳ ದುಬಾರಿ ಹಲಗೆಯ ಮೇಲಷ್ಟೇ ಕಂಡಿತು. ಒಂದು ಅಂಗಡಿಯಲ್ಲಿ ಕೇಳಿದಾಗ, "ಅದು ಎಕ್ಸ್‌ಪೋರ್ಟ್ ಮಾಲಿಗೆ ಸಾರ್, ನಮಗೆ ಯಾಕೆ?" ಎಂದರು.

ನಮಗೆ ಯಾಕೆ! ಈ ಎರಡು ಪದಗಳೇ ನನ್ನನ್ನು ಇಷ್ಟು ಬರೆಯುವಂತೆ ಮಾಡಿದ್ದು. ಹೊರದೇಶದ ಮಗುವಿನ ಶ್ವಾಸಕೋಶಕ್ಕೆ ಬೇಕಾದದ್ದು ನಮ್ಮ ಮಗುವಿನದಕ್ಕೆ ಬೇಡವೇ? ಬಿಸ್ಕತ್ತಿನ ಪೊಟ್ಟಣದ ಮೇಲೆ ಸಕ್ಕರೆಯೆಷ್ಟು, ಉಪ್ಪೆಷ್ಟೆಂದು ಮುದ್ರಿಸುವ ಕಾನೂನಿರುವ ನಾಡಿನಲ್ಲಿ, ಹಲಗೆಯೊಂದರ ಮೇಲೆ ಅನಿಲದ ದರ್ಜೆಯನ್ನು ಮುದ್ರಿಸುವುದು ಅಸಾಧ್ಯವಲ್ಲ. ಅಮೆರಿಕದ ಮಿತಿಗೆ ತಕ್ಕ ಹಲಗೆಗಳನ್ನು ನಮ್ಮಲ್ಲಿಯೇ ತಯಾರಿಸಬಲ್ಲ ಕಾರ್ಖಾನೆಗಳಿವೆ. ಆದ್ದರಿಂದ ಎಲ್ಲ ಹಲಗೆಗಳಿಗೂ ಮಿತಿಯನ್ನು ಕಡ್ಡಾಯಗೊಳಿಸಿ, ಸಾಮಾನ್ಯನಿಗೆ ಅರ್ಥವಾಗುವ ಗುರುತನ್ನು ಪ್ರತಿ ಹಲಗೆಯ ಮೇಲೂ ಒತ್ತಬೇಕು. ಕೊಳ್ಳುವವನು ಮೂಗಿನಿಂದಲೇ ಪರೀಕ್ಷೆ ಮಾಡಿಕೊಳ್ಳಲಿ ಎಂದು ಬಿಡುವುದು ಅನ್ಯಾಯ. ಮೂಗು ಎರಡು ದಿನದಲ್ಲಿ ಒಗ್ಗಿಹೋಗುವ ಉಪಕರಣ.

"ಹಾಗಾದರೆ ಹಲಸು, ಹೊನ್ನೆ, ಸಾಗುವಾನಿಯಲ್ಲೇ ಮಾಡಿಸುತ್ತೇವೆ" ಎಂದು ಹೊರಡುವವರಿಗೆ ನಾನು ಬೆಂಬಲ ಕೊಡಲಾರೆ. ನಮ್ಮ ಕಾಡುಗಳಲ್ಲಿ ಅಷ್ಟು ಮರ ಉಳಿದಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿತಕ್ಕೆ ಕಡಿವಾಣ ಹಾಕಿದ ಮೇಲೆ ನಮ್ಮ ಪ್ಲೈವುಡ್ ಉದ್ಯಮ ಬಹುಮಟ್ಟಿಗೆ ರೈತರ ಮರಗಳತ್ತ ತಿರುಗಿತು. ಯಮುನಾನಗರದ ಕಾರ್ಖಾನೆಗಳಿಗೆ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿಗೆ ರಬ್ಬರ್ ಮರ, ನಮ್ಮ ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್. ಕಾಡು ಉಳಿಯಿತು, ರೈತನಿಗೂ ನಾಲ್ಕು ಕಾಸು ಬಂತು. ನೂರು ವರ್ಷದ ಮರ ಬೇಡುವ ಕೆಲಸವನ್ನು ಏಳೆಂಟು ವರ್ಷದ ಮರದಿಂದ ಮಾಡಿಸುವ ಈ ವಿದ್ಯೆ ದೊಡ್ಡದು. ನನ್ನ ತಕರಾರು ಅದರೊಳಗಿನ ಅಗ್ಗದ ಅಂಟಿನ ಮೇಲೆ ಮಾತ್ರ.

ಇನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವನೊಬ್ಬನಿದ್ದಾನೆ, ಅವನನ್ನು ಗೃಹಪ್ರವೇಶಕ್ಕೆ ಕರೆಯುವುದೂ ನೆನಪಾಗುವುದಿಲ್ಲ. ಬೆಂಗಳೂರಿನ ಮನೆಗಳಲ್ಲಿ ಈ ಕೆಲಸ ಮಾಡುವ ಬಡಗಿಗಳಲ್ಲಿ ಅನೇಕರು ರಾಜಸ್ಥಾನ, ಉತ್ತರ ಪ್ರದೇಶ, ಬಿಹಾರದ ಹುಡುಗರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೈಯಂತ್ರದಿಂದ ದಿನವಿಡೀ ಎಂಡಿಎಫ್ ಕೊಯ್ಯುತ್ತಾರೆ. ಧೂಳು ಹೊರಗೆ ಹಾರಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆಂದು ಕಿಟಕಿ ಮುಚ್ಚಿರುತ್ತಾರೆ. ರಾತ್ರಿ ಅದೇ ಪುಡಿಯನ್ನು ಒಂದು ಬದಿಗೆ ಗುಡಿಸಿ ಅಲ್ಲಿಯೇ ಅಡುಗೆ ಮಾಡಿ ಮಲಗುತ್ತಾರೆ. ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದು ಅದೇ ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲಿಯೇ ಪಟ್ಟಿಗೆ ಸೇರಿಸಿದೆ. ಎಂಡಿಎಫ್ ಧೂಳು ಬಹಳ ನುಣ್ಣಗಿನದು, ಅಂಟೂ ಸೇರಿರುತ್ತದೆ. ಭಾನುವಾರ ಕೆಲಸ ನೋಡಲು ಬಂದ ಯಜಮಾನರು ಕರವಸ್ತ್ರ ಮೂಗಿಗೆ ಹಿಡಿದು ಐದು ನಿಮಿಷದಲ್ಲಿ ಹೊರಡುತ್ತಾರೆ. ಲಕ್ಷಾಂತರ ರೂಪಾಯಿಯ ಒಳಾಂಗಣ ಮಾಡಿಸುವವರಿಗೆ ಧೂಳು ಹೀರುವ ಯಂತ್ರವಿರುವವರಿಂದ ಕೊಯ್ಯಿಸುವುದಾಗಲಿ, ಹುಡುಗರಿಗೆ ಒಳ್ಳೆಯ ಮುಖಗವಸು ತಂದುಕೊಡುವುದಾಗಲಿ ಭಾರವಲ್ಲ. ಕೋವಿಡ್ ಕಾಲದಲ್ಲಿ ಎನ್95 ಎಂದರೇನೆಂದು ನಾವೆಲ್ಲ ಕಲಿತಿದ್ದೇವೆ.

ಅಡುಗೆಮನೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಸಿಂಕಿನ ಕೆಳಗೆ ಮತ್ತು ಗೋಡೆಗೆ ತೂಗುವ ಕಪಾಟಿಗೆ ಸಾಧಾರಣ ಪಾರ್ಟಿಕಲ್ ಬೋರ್ಡ್ ಬೇಡ. ನೀರು ಕುಡಿದರೆ ಅದು ರೊಟ್ಟಿಯಂತೆ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ; ಒಳಗೆ ನಮ್ಮ ಹೆಂಗಸರು ಇಡುವುದು ಹಿತ್ತಾಳೆ ಪಾತ್ರೆ ಮತ್ತು ಇಡ್ಲಿ ಸ್ಟ್ಯಾಂಡು, ಹೂದಾನಿಯಲ್ಲ. ಎಂಆರ್ ಎಂಬ ಅಕ್ಷರಗಳಿಗೆ ತೇವ ತಡೆಯುವುದೆಂದು ಅರ್ಥವೇ ಹೊರತು ನೀರು ತಡೆಯುವುದೆಂದಲ್ಲ.

ಕಾನೂನು ಬರುವವರೆಗೆ ನಿಮ್ಮ ಕೈಯಲ್ಲಿರುವುದು ಇಷ್ಟು. ಕೊಟೇಶನ್ನಿನಲ್ಲಿ ಹಲಗೆಯ ಕಂಪನಿ ಮತ್ತು ಮಾನಕದ ಸಂಖ್ಯೆಯ ಜೊತೆಗೆ ಇ1 ಅಥವಾ ಅದಕ್ಕಿಂತ ಉತ್ತಮ ಎಂದು ಬರೆಸಿ; ಬಾಯಿಮಾತು ಬೇಡ. ಮಲಗುವ ಕೋಣೆಯಲ್ಲಿ ಹಲಗೆಯ ಕೆಲಸವನ್ನು ಕಡಿಮೆ ಮಾಡಿ, ಸಾಧ್ಯವಾದರೆ ಹಳೆಯ ಗೋದ್ರೇಜ್ ಬೀರುವನ್ನೇ ಬಣ್ಣ ಹೊಡೆಸಿ ಇಟ್ಟುಕೊಳ್ಳಿ. ಲ್ಯಾಮಿನೇಟನ್ನು ಹೊರಗೆ ಮಾತ್ರ ಅಂಟಿಸಿ ಒಳಗೂ ಹಿಂಬದಿಗೂ ಬರಿಯ ಹಲಗೆ ಬಿಡುವ ಉಳಿತಾಯ ಬೇಡ. ಎರಡೂ ಮುಖ ಮುಚ್ಚಿಸಿ, ಅಂಚುಗಳಿಗೂ ಪಟ್ಟಿ ಹಾಕಿಸಿ, ಏಕೆಂದರೆ ಅನಿಲ ಹೆಚ್ಚಾಗಿ ಹೊರಡುವುದೇ ಬೆತ್ತಲೆ ಅಂಚು ಮತ್ತು ರಂಧ್ರಗಳಿಂದ. ಕೆಲಸ ಮುಗಿದ ಮೇಲೆ ಕಪಾಟಿನ ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟು ತಿಂಗಳಾದರೂ ಗಾಳಿಯಾಡಲು ಬಿಡಿ.

ಮುಹೂರ್ತ ಕಾಯುವುದಿಲ್ಲವೆಂದು ಹೇಳುತ್ತೀರಿ, ಗೊತ್ತು. ಹಾಲು ಉಕ್ಕಿಸುವ ಹಿಂದಿನ ರಾತ್ರಿಯವರೆಗೆ ಬಡಗಿಯ ಸುತ್ತಿಗೆ ಸದ್ದು ಕೇಳುವುದು ನಮ್ಮ ಸಂಪ್ರದಾಯವೇ ಆಗಿದೆ. ಹಾಗಿದ್ದರೆ ಪೂಜೆ ಮುಹೂರ್ತಕ್ಕೇ ಆಗಲಿ. ಶಾಸ್ತ್ರಕ್ಕೆ ಆ ಒಂದು ರಾತ್ರಿ ಕಿಟಕಿ ತೆರೆದು ಹಾಲ್‌ನಲ್ಲಿ ಮಲಗಿ, ಸಂಸಾರ ಹೂಡುವುದನ್ನು ಮುಂದಕ್ಕೆ ಹಾಕಿ. ಇದಕ್ಕೆ ಯಾವ ಪುರೋಹಿತರೂ ಅಡ್ಡಿ ಹೇಳಲಾರರು. ಮನೆಯಲ್ಲಿ ಗರ್ಭಿಣಿಯೋ ಉಬ್ಬಸದ ಮಗುವೋ ಇದ್ದರೆ ಈ ವಿಷಯದಲ್ಲಿ ಹಟ ಹಿಡಿಯಿರಿ.

ಈಗಾಗಲೇ ಮಾಡಿಸಿ ಐದಾರು ವರ್ಷವಾಗಿರುವವರು ಇದನ್ನು ಓದಿ ವಾರ್ಡ್‌ರೋಬ್ ಕೀಳಿಸಲು ಹೊರಡಬೇಡಿ. ಹೊರಬರುವ ಅನಿಲ ವರ್ಷ ಕಳೆದಂತೆ ಕಡಿಮೆಯಾಗುತ್ತ ಹೋಗುತ್ತದೆ. ಕೀಳಿಸಿ ಹೊಸದನ್ನು ಮಾಡಿಸಿದರೆ ಮತ್ತೆ ಮೊದಲ ದಿನದಿಂದ ಆರಂಭ. ಕಿಟಕಿಗೆ ಸೊಳ್ಳೆಪರದೆ ಹಾಕಿಸಿ ತೆರೆದಿಡಿ, ಅಷ್ಟು ಸಾಕು. ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯನ್ನೂ ಮಿತವಾಗಿ ಹಚ್ಚಿ, ಅದರ ಹೊಗೆಯಲ್ಲಿಯೂ ಇದೇ ಫಾರ್ಮಾಲ್ಡಿಹೈಡ್ ಇರುತ್ತದೆ. ಗೆದ್ದಲಿನ ಔಷಧದ ಬಗ್ಗೆ ಶಿವಮೊಗ್ಗದ ಭಾವನವರು ಕೇಳಿದ್ದಾರೆ. ಅದು ಬೇರೆಯೇ ಪುರಾಣ, ಇನ್ನೊಮ್ಮೆ ಬರೆಯುತ್ತೇನೆ.